ಮಡಿ, ಬಡಿ, ಪಡಿ

ಕೇಳಿಸದ ಮಾತಿಗೆಲ್ಲ ‘ಹೌದ್ರಿ’ ಅನ್ನುವುದು ನನಗೆ ಚಿಕ್ಕಂದಿನಿಂದ ಅಂಟಿಕೊಂಡ ಚಟ. ಕೆಲವರಿಗೆ ಎಲೆಅಡಿಕೆ, ಕೆಲವರಿಗೆ ನಶ್ಯ, ನನಗೆ ಇದು. ಒಮ್ಮೆ ಕಂಪ್ಲಿ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ಬಾಗಿಲಲ್ಲಿ ನಿಂತು ಏನೋ ಕೇಳಿದ. ಹೌದ್ರಿ ಅಂದು ಹತ್ತಿ ಕೂತೆ. ಹೊಸಪೇಟೆಗೆ ಹೋಗಬೇಕಾದವಳು ಗಂಗಾವತಿಯಲ್ಲಿ ಇಳಿದೆ. ಇಳಿದ ಮೇಲಾದರೂ ಯಾರನ್ನಾದರೂ ವಿಚಾರಿಸಿದೆನೇ? ಇಲ್ಲ. ವಿಚಾರಿಸಿದರೆ ಉತ್ತರ ಕೊಡುತ್ತಾರೆ, ಉತ್ತರ ನನಗೆ ಕೇಳಿಸುವುದಿಲ್ಲ, ಮತ್ತೆ ಹೌದ್ರಿ ಅನ್ನಬೇಕಾಗುತ್ತದೆ. ಬಸ್ಸುಗಳ ಬೋರ್ಡು ಓದಿಕೊಂಡು ತಿರುಗಿ ಬಂದೆ.

ಏಳನೇ ವಯಸ್ಸಿನಲ್ಲಿ ಬಂದ ಜ್ವರವೊಂದು ನನ್ನ ಬಲಗಿವಿಯನ್ನು ಪೂರ್ತಿಯಾಗಿ, ಎಡಗಿವಿಯನ್ನು ಮುಕ್ಕಾಲು ಪಾಲು ಒಯ್ದಿತು. ಎಡಗಿವಿಗೆ ಮಷೀನು ಹಾಕಿಕೊಳ್ಳುತ್ತೇನೆ. ಆಗೆಲ್ಲ ಅದನ್ನು ಕೂದಲ ಕೆಳಗೆ ಮುಚ್ಚಿಡುತ್ತಿದ್ದೆ. ಶಾಲೆಯಲ್ಲಿ ‘ಕೆಪ್ಪಿ’ ಅನ್ನಿಸಿಕೊಂಡದ್ದು ಸಾಕಾಗಿತ್ತು. ಆ ಒಂದು ಪದ ಮಾತ್ರ ಎಷ್ಟು ದೂರದಿಂದ ಅಂದರೂ ನನಗೆ ಗೊತ್ತಾಗುತ್ತಿತ್ತು. ಮಷೀನಿನಲ್ಲಿ ಬರುವುದು ಸದ್ದು, ಮಾತಲ್ಲ. ಮಾತನ್ನು ನಾನು ಎದುರಿಗಿದ್ದವರ ತುಟಿಯಿಂದ ಓದಿಕೊಳ್ಳಬೇಕು.

ತುಟಿ ಓದುವುದನ್ನು ನನಗೆ ಕಲಿಸಿದ್ದು ಕಂಪ್ಲಿಯ ಒಂದು ರೈಸ್ ಮಿಲ್ಲು. ಅವ್ವ ಅಲ್ಲಿ ನುಚ್ಚು ಗುಡಿಸುವ, ಚೀಲ ಹೊಲಿಯುವ ಕೆಲಸಕ್ಕಿದ್ದಳು. ಶಾಲೆ ಬಿಟ್ಟ ಮೇಲೆ ನಾನು ನೇರ ಅಲ್ಲಿಗೇ ಹೋಗಿ ತೌಡಿನ ಚೀಲದ ಮೇಲೆ ಕೂರುತ್ತಿದ್ದೆ. ಮಷೀನು ಶುರುವಾದರೆ ಅಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಹೆಂಗಸರು ಗಂಟಲಿಗೆ ಕೆಲಸ ಕೊಡದೆ, ಬಾಯಿ ಅಗಲ ಮಾಡಿ ಮಾತಾಡುತ್ತಿದ್ದರು. ಇಡೀ ಊರಿನಲ್ಲಿ ನಾನು ಎಲ್ಲರ ಸಮಕ್ಕೆ ಇದ್ದ ಜಾಗ ಅದೊಂದೇ. ಸಮಕ್ಕೇನು, ಒಂದು ಕೈ ಮೇಲೆಯೇ ಇದ್ದೆ. ಗಾಜಿನ ಆಫೀಸಿನೊಳಗೆ ಮಾಲೀಕ ಫೋನು ಹಿಡಿದರೆ ಹೆಂಗಸರು ನನ್ನನ್ನು ಮುಂದೆ ತಳ್ಳುತ್ತಿದ್ದರು. ‘ಏನಂತಾನ ನೋಡ ಲೇ.’ ನಾನು ನೋಡಿ ಹೇಳುತ್ತಿದ್ದೆ. ಬಹಳ ಸಲ ಅವನು ಹೆಂಡತಿಗೆ ಇವತ್ತೂ ಬದನೆಕಾಯಿ ಬ್ಯಾಡ ಅಂತ ಅಂಗಲಾಚುತ್ತಿರುತ್ತಿದ್ದ.

ಈ ವಿದ್ಯೆಗೆ ಒಂದು ದೊಡ್ಡ ತೂತಿದೆ. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚಿ ತೆರೆಯುತ್ತದೆ. ಸದ್ದು ತೆಗೆದುಬಿಟ್ಟರೆ ಪರೆ, ಬರೆ, ಮರೆಗಳಲ್ಲಿ ಏನೂ ಫರಕಿಲ್ಲ. ಅದರಲ್ಲೂ ನಮ್ಮ ಊರಿನ ಪಾಡು ಏನು ಹೇಳಲಿ. ಎರಡು ಮಾತಿಗೊಮ್ಮೆ ‘ಮತ್ತ’ ಅನ್ನುವ ಜನ, ಮೂರು ಮಾತಿಗೊಮ್ಮೆ ‘ಭತ್ತ’ ಅನ್ನುವ ಊರು. ಯಾವುದು ಯಾವುದೆಂದು ನಾನು ಹಿಂದುಮುಂದಿನ ಮಾತು ನೋಡಿ ಅಂದಾಜು ಮಾಡಬೇಕು. ಅಂದಾಜು ಸರಿಹೋದಾಗ ಜನ ನನ್ನನ್ನು ಚುರುಕಿನ ಹುಡುಗಿ ಅನ್ನುತ್ತಿದ್ದರು, ತಪ್ಪಿದಾಗ ಅಹಂಕಾರದವಳು ಅನ್ನುತ್ತಿದ್ದರು.

ಹೀಗೆ ಅಂದಾಜಿನಲ್ಲೇ ಬಿ.ಎ., ಎಂ.ಎ. ಮುಗಿಸಿ ಹೊಸಪೇಟೆ ಕಡೆಯ ವಿಶ್ವವಿದ್ಯಾಲಯವೊಂದಕ್ಕೆ ಪಿಎಚ್.ಡಿ. ಮಾಡಲು ಬಂದೆ. ಅರ್ಜಿಯಲ್ಲಿ ‘ಅಂಗವಿಕಲರೇ?’ ಎಂಬ ಪ್ರಶ್ನೆ ಇತ್ತು. ಅದರ ಮುಂದಿನ ಚೌಕವನ್ನು ಖಾಲಿ ಬಿಟ್ಟೆ. ಗುರುತು ಹಾಕಿದ್ದರೆ ಹಾಸ್ಟೆಲ್ಲಿನಲ್ಲಿ ಕೆಳಗಿನ ಕೋಣೆ, ಸಭೆಯಲ್ಲಿ ಮುಂದಿನ ಕುರ್ಚಿ, ಸಮಯದಲ್ಲಿ ರಿಯಾಯಿತಿ, ಏನೇನೋ ಸಿಗುತ್ತಿತ್ತಂತೆ. ನನಗೆ ಬೇಕಾಗಿರಲಿಲ್ಲ. ನನ್ನ ಮಾರ್ಗದರ್ಶಕಿ ಮೇಡಂಗೆ ಮಾತ್ರ ‘ಸ್ವಲ್ಪ ಮಂದ ಐತ್ರಿ’ ಅಂದಿದ್ದೆ. ಅವರು ಆ ಮಾತನ್ನು ಬೆಳೆಸಲಿಲ್ಲ. ನನ್ನ ಜೊತೆ ಮಾತಾಡುವಾಗ ಕುರ್ಚಿ ಎಳೆದು ಎದುರಿಗೆ ಕೂರುತ್ತಿದ್ದರು. ಅದು ಅವರ ರೂಢಿ ಇರಬೇಕು ಅಂದುಕೊಂಡಿದ್ದೆ.

ಕಂಪ್ಲಿ ಭಾಗದ ಭತ್ತದ ಕೆಲಸದಲ್ಲಿ ಬಳಕೆಯಾಗುವ ಪದಗಳು, ಇದು ನನ್ನ ವಿಷಯ. ಊರೂರು ತಿರುಗಿ, ಗದ್ದೆ ಕೆಲಸ ಮಾಡಿ ಹಣ್ಣಾದ ಹೆಂಗಸರ ಎದುರು ಕೂತು ಮಾತಾಡಿಸುತ್ತಿದ್ದೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಆ ಕಡತಗಳನ್ನು ವಿಭಾಗಕ್ಕೆ ಒಪ್ಪಿಸಬೇಕೆಂಬ ನಿಯಮವಿತ್ತು. ಮಾಡಿದೆ, ಒಪ್ಪಿಸಿದೆ. ಅದರಲ್ಲಿ ಏನಿದೆಯೆಂದು ನನಗೇ ಗೊತ್ತಿರಲಿಲ್ಲ. ನನ್ನ ಟಿಪ್ಪಣಿಯೆಲ್ಲ ತುಟಿ ನೋಡಿ ಬರೆದದ್ದು. ಯಾರಿಗಾದರೂ ಕೊಟ್ಟು ಕೇಳಿಸಿ ಸರಿನೋಡಬಹುದಿತ್ತು. ಹಾಗೆ ಕೊಟ್ಟರೆ ಯಾಕೆ ಅಂತ ಕೇಳುತ್ತಾರಲ್ಲ.

ನದಿ ದಂಡೆಯ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿ ಬಹಳ ವಿಷಯ ಹೇಳಿದಳು. ಮಾತಿನ ನಡುವೆ ‘ಕಡೇ ಮಡಿ ಆಳಿಂದು’ ಅಂದಳು. ಮಡಿ ಎಂದರೆ ಗದ್ದೆಯ ಒಂದು ಪಾತಿ. ಕೊನೆಯ ಪಾತಿಯ ಬೆಳೆಯನ್ನು ಕೂಲಿ ಆಳುಗಳಿಗೇ ಬಿಟ್ಟುಬಿಡುವ ಪದ್ಧತಿ! ನನಗೆ ರೋಮಾಂಚನವಾಯಿತು. ಯಾರೂ ಬರೆಯದ ಸಂಗತಿ ನನ್ನ ಕೈಗೆ ಸಿಕ್ಕಿತ್ತು. ಅದರ ಮೇಲೆ ನಾಲ್ಕು ಪುಟ ಬರೆದೆ. ಒಡೆತನ, ದುಡಿಮೆ, ಹಂಚಿ ತಿನ್ನುವ ನೀತಿ, ನನಗೆ ಗೊತ್ತಿದ್ದ ದೊಡ್ಡ ದೊಡ್ಡ ಮಾತುಗಳನ್ನೆಲ್ಲ ಆ ಒಂದು ಪಾತಿಯಲ್ಲಿ ನಾಟಿ ಮಾಡಿದೆ. ಮೇಡಂಗೂ ಪ್ರಬಂಧದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಅದೇ ಭಾಗ.

ಪ್ರಬಂಧ ಸಲ್ಲಿಸುವ ಮೊದಲು ವಿಭಾಗದ ಸಭೆಯಲ್ಲಿ ಅದನ್ನು ಮಂಡಿಸಿ, ಎಲ್ಲರ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಸಭೆ ಒಪ್ಪಿದರೆ ಮುಂದಿನ ಹೆಜ್ಜೆ. ನನ್ನ ಅವಧಿ ಮುಗಿಯುತ್ತ ಬಂದಿತ್ತು, ಸಿಗಬಹುದಾಗಿದ್ದ ವಿಸ್ತರಣೆಯನ್ನೂ ತಿಂದು ಕೂತಿದ್ದೆ. ಈ ಸಭೆ ಬೇಡವೆಂದರೆ ನೋಂದಣಿ ರದ್ದು, ಅಷ್ಟು ವರ್ಷದ ತಿರುಗಾಟ ನೀರುಪಾಲು. ಅವ್ವ ಬೇರೆ ಮಿಲ್ಲಿನ ತುಂಬ ‘ನಮ್ಮಾಕಿ ಡಾಕ್ಟರ್ ಆಗ್ತಾಳ, ಸೂಜಿ ಹಾಕೋ ಡಾಕ್ಟರ್ ಅಲ್ಲ ಮತ್ತ’ ಅಂತ ಹೇಳಿಕೊಂಡು ಬಂದಿದ್ದಳು. ಮಿಲ್ಲಿಗೆ ಮುಖ ತೋರಿಸುವುದು ಹೇಗೆಂಬುದೇ ನನಗೆ ದೊಡ್ಡ ಚಿಂತೆಯಾಗಿತ್ತು.

ಮಂಡನೆ ಚೆನ್ನಾಗಿಯೇ ಆಯಿತು. ನಾನು ಮಾತಾಡುವಾಗ ನನಗೇನು ಕಷ್ಟ? ಕಷ್ಟ ಆಮೇಲಿನದು. ವಿಷಯ ತಜ್ಞರಾಗಿ ಬಂದಿದ್ದವರು ನಿವೃತ್ತ ಮೇಷ್ಟ್ರು, ನಮ್ಮ ಕಡೆಯ ರೈತರ ಮನೆಯವರೇ. ಮೇಲ್ದುಟಿ ಕಾಣದಷ್ಟು ಮೀಸೆ. ಸಾಲದ್ದಕ್ಕೆ, ತಲೆ ಬಗ್ಗಿಸಿ ನನ್ನ ಪುಟ ತಿರುವುತ್ತಲೇ ಪ್ರಶ್ನೆ ಕೇಳಿದರು. ಮೀಸೆ ಅಲ್ಲಾಡಿದ್ದು ಕಂಡಿತು. ಹೌದ್ರಿ ಅಂದೆ.

ಅವರು ಕೇಳಿದ್ದು ಏನೆಂದು ಸಭೆಯಲ್ಲಿದ್ದ ನನ್ನ ಗೆಳತಿಯೊಬ್ಬಳು ಆಮೇಲೆ ಹೇಳಿದಳು: ‘ಅಲ್ಲವ್ವಾ, ಕಡೇ ಮಡಿ ಆಳಿಗೆ ಬಿಡ್ತಾರಂತ ಬರದೀಯಲ್ಲ, ಯಾವೂರಾಗ?’ ಅದಕ್ಕೆ ನನ್ನ ಉತ್ತರ ಹೌದ್ರಿ. ಸಭೆಯಲ್ಲಿ ಹಲ್ಲುಗಳು ಕಂಡವು. ಮೇಷ್ಟ್ರು ತಲೆ ಎತ್ತಿ, ನನ್ನ ಕಡೆ ನೋಡಿ, ನಿಧಾನವಾಗಿ ಎರಡು ಪದ ಹೇಳಿದರು. ಈ ಸಲ ಕೆಳತುಟಿ ಸರಿಯಾಗಿ ಕಂಡಿತು. ‘ಭತ್ತ ಹೇಳು’ ಅಂದರು. ಅಬ್ಬಾ, ಇಷ್ಟೇನಾ ಅನ್ನಿಸಿತು. ಉಸಿರು ತೆಗೆದುಕೊಂಡು ಶುರು ಮಾಡಿದೆ. ಬೀಜ ನೆನೆ ಹಾಕುವುದು, ಸಸಿಮಡಿ ಮಾಡುವುದು, ಗದ್ದೆ ಕೆಸರು ಹೊಡೆಯುವುದು, ನಾಟಿ, ಕಳೆ. ಕೊಯ್ಲಿಗೆ ಬರುವ ಹೊತ್ತಿಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡಿದ್ದರು. ಅವರು ಅಂದದ್ದು ‘ಮತ್ತ ಹೇಳು.’

ಮೇಡಂ ಮಾತ್ರ ನಗುತ್ತಿರಲಿಲ್ಲ. ಅವರ ಮುಖ ನೋಡಿ ನನಗೆ ಏನಾಗಿದೆಯೆಂದು ಹೊಳೆಯಿತು. ಅವರ ಮೇಲೆ, ಇವರ ಮೇಲೆ, ಆ ಮೀಸೆಯ ಮೇಲೆ, ಇಪ್ಪತ್ತು ವರ್ಷ ಹೌದ್ರಿ ಅಂದುಕೊಂಡು ಬಂದ ನನ್ನ ಬಾಯಿಯ ಮೇಲೆ ಸಿಟ್ಟು ಬಂತು. ನನಗೆ ಸಿಟ್ಟು ಬಂದರೆ ಎಚ್ಚರ ಇರುವುದಿಲ್ಲ.

‘ನನಗ ಕೇಳ್ಸಂಗಿಲ್ರಿ ಸರ್,’ ಅಂದೆ. ‘ನೀವು ಏನ್ ಕೇಳಿದ್ರಿ ಅಂತ ನನಗ ಗೊತ್ತಿಲ್ಲ. ಬಾಯಿ ನೋಡಿ ತಿಳ್ಕೊಂತೀನಿ. ನಿಮ್ಮ ಮೀಸಿ ಅಡ್ಡ ಬರ್ತೈತಿ.’

ಸಭೆ ಸ್ತಬ್ಧವಾಯಿತಂತೆ. ನನಗೆ ಅದರಿಂದ ವ್ಯತ್ಯಾಸವೇನೂ ಆಗಲಿಲ್ಲ. ಮೇಷ್ಟ್ರ ಕೈ ಮೀಸೆಗೆ ಹೋಯಿತು. ಮುಗಿಯಿತು ನನ್ನ ಕಥೆ ಅಂದುಕೊಂಡೆ. ಅವರು ಎದ್ದರು. ಹೊರಗೆ ಹೋಗುತ್ತಾರೆಂದು ನಾನು ದಾರಿ ಬಿಟ್ಟು ನಿಂತರೆ, ಬೋರ್ಡಿನ ಹತ್ತಿರ ಬಂದು ಚಾಕ್‌ಪೀಸು ತೆಗೆದುಕೊಂಡರು. ದುಂಡನೆಯ ಅಕ್ಷರದಲ್ಲಿ ಬರೆದರು: ‘ಕಡೇ ಮಡಿ ಆಳಿಗೆ. ಯಾವ ಊರು?’

ಊರಿನ ಹೆಸರು ಹೇಳಿದೆ, ಅಜ್ಜಿ ಹೇಳಿದ್ದೆಂದು ಹೇಳಿದೆ, ರೆಕಾರ್ಡ್ ಇದೆ ಅಂದೆ. ಅವರು ಬೋರ್ಡಿನ ಮೇಲೆ ‘ಕೇಳೋಣವೇ?’ ಎಂದು ಬರೆದರು. ಒಂದು ಗಳಿಗೆ ಅದನ್ನೇ ನೋಡುತ್ತ ನಿಂತು, ಅಂಗೈಯಲ್ಲಿ ಒರೆಸಿ, ‘ನಾವು ಕೇಳಬಹುದೇ?’ ಎಂದು ತಿದ್ದಿದರು. ಆ ತಿದ್ದುಪಡಿಯನ್ನು ನಾನು ಈಗಲೂ ಮರೆತಿಲ್ಲ. ಅವತ್ತು ನಾನು ತಲೆಯಾಡಿಸಿದೆ ಅಷ್ಟೇ.

ಆ ಗೆಳತಿ, ಸಂಡೂರಿನವಳು, ಜೊತೆಯಲ್ಲೇ ಸಂಶೋಧನೆ ಮಾಡುತ್ತಿದ್ದವಳು, ಕಡತ ಹುಡುಕಿ ಸ್ಪೀಕರಿಗೆ ಹಾಕಿದಳು. ಶುರುವಾದ ಕೂಡಲೇ ಯಾರೋ ಕೈಸನ್ನೆ ಮಾಡಿ ಸದ್ದು ಕಮ್ಮಿ ಮಾಡಿಸಿದರು. ಆಮೇಲೆ ಇಡೀ ಸಭೆ ಕೇಳುತ್ತ ಕೂತಿತು. ನಾನು ಅವರ ಮುಖಗಳನ್ನು ನೋಡುತ್ತ ನಿಂತಿದ್ದೆ. ನಾನು ಬಿಸಿಲಲ್ಲಿ ನಡೆದು ಹೋಗಿ ತಂದ ಮಾತು ಅದು. ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಕೇಳಿಸುತ್ತಿತ್ತು. ಒಂದು ಕಡೆ ಮೇಷ್ಟ್ರು ಬೆರಳೆತ್ತಿದರು. ಗೆಳತಿ ಹಿಂದಕ್ಕೆ ಎಳೆದು ಮತ್ತೆ ಹಾಕಿದಳು. ಅವರು ಬೋರ್ಡಿನ ಮೇಲಿದ್ದ ‘ಮಡಿ’ಯ ಕೆಳಗೆ ಒಂದೇ ಪದ ಬರೆದರು: ‘ಪಡಿ.’

ಪಡಿ ಎಂದರೆ ಕಾಳು ಅಳೆಯುವ ಹಳೆಯ ಕಾಲದ ಮಾಪು. ಕಣದಲ್ಲಿ ರಾಶಿ ಅಳೆದು ಮುಗಿಸುವಾಗ ಕೊನೆಯ ಒಂದು ಮಾಪು ಆಳುಗಳಿಗೆ. ಅಜ್ಜಿ ಹೇಳಿದ್ದು ಇಷ್ಟೇ. ಗದ್ದೆಯ ಪಾತಿಯನ್ನೇ ಬಿಟ್ಟುಕೊಡುವ ಪುಣ್ಯಾತ್ಮರು ಯಾವ ಊರಿನಲ್ಲೂ ಇರಲಿಲ್ಲ. ನನ್ನ ನಾಲ್ಕು ಪುಟ ಒಂದು ಅಕ್ಷರಕ್ಕೆ ಹೋಯಿತು.

‘ತಪ್ಪು ಹೇಗಾಯಿತು?’ ಎಂದು ಬರೆದು ಮೇಷ್ಟ್ರು ಚಾಕ್‌ಪೀಸನ್ನು ನನ್ನ ಕೈಗೆ ಕೊಟ್ಟರು. ಮಡಿ, ಬಡಿ, ಪಡಿ ಎಂದು ಒಂದರ ಕೆಳಗೊಂದು ಬರೆದೆ. ಗದ್ದೆಯದು ಮಡಿ, ಕಣದಲ್ಲಿ ತೆನೆ ಬಡಿಯುವ ಬಡಿ, ಅಳೆಯುವ ಪಡಿ, ಮೂರೂ ಭತ್ತದ್ದೇ ಪದಗಳು. ‘ಈ ಮೂರನ್ನ ದನಿ ತೆಗೀದ ಬಾಜೂದವ್ರಿಗೆ ಹೇಳ್ರಿ,’ ಅಂದೆ. ‘ಯಾವುದಂತ ಅವ್ರು ಹೇಳ್ಲಿ.’ ಮೊದಲು ಮೇಡಂ ಪಕ್ಕದವರ ಕಡೆ ತಿರುಗಿದರು. ಆಮೇಲೆ ನೋಡಬೇಕಿತ್ತು ಆ ಸಭೆಯನ್ನು. ದೊಡ್ಡ ದೊಡ್ಡ ವಿದ್ವಾಂಸರೆಲ್ಲ ಒಬ್ಬರಿಗೊಬ್ಬರು ಮುಖ ಕೊಟ್ಟು, ಬಾಯಿ ಅಗಲ ಮಾಡಿ, ಮಿಲ್ಲಿನ ಹೆಂಗಸರ ಹಾಗೆ ಸದ್ದಿಲ್ಲದೆ ಮಾತಾಡುತ್ತಿದ್ದರು. ಒಬ್ಬರಿಗೂ ಗುರುತು ಹಿಡಿಯಲಾಗಲಿಲ್ಲ. ಮೇಷ್ಟ್ರು ಮೀಸೆಯನ್ನು ಬೆರಳಲ್ಲಿ ಮೇಲೆತ್ತಿಕೊಂಡು ಗೆಳತಿಗೆ ಹೇಳಿ ತೋರಿಸುತ್ತಿದ್ದರು. ಅವಳೂ ಸೋತಳು.

ಆಮೇಲಿನ ಪ್ರಶ್ನೆಗಳನ್ನೆಲ್ಲ ಬೋರ್ಡಿಗೆ ಬಂದು ಬರೆದೇ ಕೇಳಬೇಕೆಂದು ಮೇಡಂ ತಾಕೀತು ಮಾಡಿದರು. ಅದರಿಂದ ಒಂದು ಉಪಕಾರವಾಯಿತು. ಪ್ರಶ್ನೆಯ ನೆಪದಲ್ಲಿ ಅರ್ಧ ಗಂಟೆ ಭಾಷಣ ಮಾಡುವವರು ಚಾಕ್‌ಪೀಸು ಹಿಡಿದು ಒಂದು ಸಾಲಿಗೇ ಸುಸ್ತಾದರು. ಆ ಪದ್ಧತಿ ವಿಭಾಗದಲ್ಲಿ ಈಗಲೂ ಇದೆ, ನನಗೋಸ್ಕರ ಅಲ್ಲ, ಸಭೆ ಬೇಗ ಮುಗಿಯುತ್ತದೆ ಅಂತ.

ತೀರ್ಮಾನವನ್ನು ಮೇಡಂ ನನ್ನೆದುರು ಕೂತು ಹೇಳಿದರು. ಎರಡು ತಿಂಗಳೊಳಗೆ ಎಲ್ಲ ರೆಕಾರ್ಡುಗಳನ್ನೂ ಕೇಳಿ, ಅಕ್ಷರಕ್ಕಿಳಿಸಿ, ಪ್ರಬಂಧವನ್ನು ತಿದ್ದಿ ತಂದರೆ ಸಭೆಯ ಒಪ್ಪಿಗೆ ಉಂಟು. ಇಲ್ಲವಾದರೆ ಇಲ್ಲ. ‘ಕೇಳಾಕ ನನ್ನ ಕಿವಿ ಎಲ್ಲೈತ್ರಿ ಮೇಡಂ?’ ಅಂದೆ. ಅವರಿಗೂ ನನ್ನ ಹಾಗೆಯೇ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು.

‘ಕೇಳೋದು ನಮ್ಮ ಕೆಲಸ, ತಿದ್ದೋದು ನಿನ್ನ ಕೆಲಸ,’ ಅಂದರು. ‘ಇದನ್ನ ನೀ ನಾಕು ವರ್ಷದ ಹಿಂದ ಹೇಳಿದ್ರ ಇಬ್ಬರ ಜೀವಕ್ಕೂ ಆರಾಮ ಇರ್ತಿತ್ತು.’

ಅವರು ಒಂದೇ ಒಂದು ಷರತ್ತು ಹಾಕಿದರು. ಕಡತದಲ್ಲಿ ಏನೇನು ಇದೆಯೋ ಎಲ್ಲ ಬರೆಯಬೇಕು, ಕೆಮ್ಮು, ಕೋಳಿ, ನಡುವೆ ಬಂದವರ ಮಾತು, ಒಂದನ್ನೂ ಬಿಡುವಂತಿಲ್ಲ. ಕೇಳಿ ಬರೆಯಲು ಗೆಳತಿ ಕೂತಳು. ಅವಳ ಸ್ವಂತ ಕೆಲಸ ಅರ್ಧಕ್ಕೆ ನಿಂತಿತ್ತು, ಆ ಮಾತನ್ನು ಎತ್ತಲೂ ಬಿಡಲಿಲ್ಲ. ಹಾಸ್ಟೆಲ್ಲಿನ ಗದ್ದಲ ತಾಳದೆ ಎಷ್ಟೋ ದಿನ ನಾವು ಹಂಪಿ ಬಜಾರಿಗೆ ಹೋಗಿ ಕಲ್ಲುಮಂಟಪದ ನೆರಳಲ್ಲಿ ಕೂರುತ್ತಿದ್ದೆವು. ಅವಳು ಕಿವಿಗೆ ಇಯರ್‌ಫೋನು ಹಾಕಿ ಬರೆಯುವುದು, ನಾನು ಹಾಳೆ ತೆಗೆದುಕೊಂಡು ನನ್ನ ಟಿಪ್ಪಣಿಯ ಜೊತೆ ಹೋಲಿಸುವುದು. ಪ್ರವಾಸಿಗರು ನಮ್ಮನ್ನೂ ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಅವಳದು ಗಣಿಯಲ್ಲಿ ಲಾರಿ ಓಡಿಸುವವರ ಮನೆ. ಗದ್ದೆ ಎಂದರೆ ಬಸ್ಸಿನ ಕಿಟಕಿಯಲ್ಲಿ ಕಂಡದ್ದಷ್ಟೇ. ಅರ್ಥವಾಗದ ಪದಕ್ಕೆಲ್ಲ ಗೀಟು ಎಳೆದಿಡುತ್ತಿದ್ದಳು.

ಆ ಗೀಟುಗಳನ್ನು ತುಂಬಲು ಭಾನುವಾರ ಇಬ್ಬರೂ ಕಂಪ್ಲಿಗೆ ಹೋಗುತ್ತಿದ್ದೆವು. ಅವ್ವ ಇಯರ್‌ಫೋನು ಹಾಕಿಕೊಂಡು, ಕಣ್ಣು ಮುಚ್ಚಿ, ಭಾರಿ ಗಾಂಭೀರ್ಯದಿಂದ ಕೇಳುತ್ತಿದ್ದಳು. ಆಮೇಲೆ ಗೆಳತಿಗೆ ಪದ ಬಿಡಿಸಿ ಹೇಳುವುದು, ನನ್ನ ಕಡೆ ತಿರುಗಿ ಬೈಯುವುದು. ‘ಮನ್ಯಾಗ ನಾ ಇದ್ನೆಲ್ಲೇ. ನನ್ನ ಕಿವಿ ಏನಾಗಿದ್ವು? ಒಂದ್ಸಲ ಕೇಳ್ಸವ್ವಾ ಅಂದ್ರ ನಿನ್ನ ಗಂಟೇನು ಹೋಗ್ತಿತ್ತು?’ ಬಿಸಿ ರೊಟ್ಟಿ ತಟ್ಟೆಗೆ ಬೀಳುತ್ತಿತ್ತು, ಬೈಗುಳವನ್ನೂ ರೊಟ್ಟಿಯನ್ನೂ ಒಟ್ಟಿಗೆ ತಿಂದೆ.

ಎಲ್ಲ ಕಡತ ಮುಗಿಯುತ್ತ ಬಂದರೂ ನದಿ ದಂಡೆಯ ಅಜ್ಜಿಯ ಮಾತಿನ ಹಾಳೆಗಳನ್ನು ಗೆಳತಿ ನನಗೆ ಕೊಟ್ಟಿರಲಿಲ್ಲ. ಕೇಳಿದರೆ ಇನ್ನೂ ಇದೆ, ನಾಳೆ ಅನ್ನುತ್ತಿದ್ದಳು. ಕೊಡುವ ದಿನ ಹಾಳೆಯನ್ನು ಚೀಲದಿಂದ ತೆಗೆದು ಕೈಯಲ್ಲೇ ಹಿಡಿದುಕೊಂಡಳು. ‘ಮೇಡಂ ಎಲ್ಲಾ ಬರೀ ಅಂದಾರ, ಅದಕ್ಕ ಬರದೀನಿ. ಬ್ಯಾಸರ ಮಾಡ್ಕೋಬ್ಯಾಡ,’ ಅಂದಳು. ಕಸಿದುಕೊಂಡು ಓದಿದೆ.

ಅಜ್ಜಿ ಮಾತಿನ ನಡುವೆ ಒಮ್ಮೆ ಒಳಗಿನ ಕಡೆ ಮುಖ ತಿರುಗಿಸಿದ್ದು ನನಗೆ ನೆನಪಿತ್ತು. ಸೊಸೆಗೆ ಚಹಾ ಮಾಡಲು ಹೇಳಿರಬೇಕು ಅಂದುಕೊಂಡಿದ್ದೆ. ಗೆಳತಿಯ ಸಣ್ಣ ಅಕ್ಷರದಲ್ಲಿ ಆ ಮಾತು ಹೀಗಿತ್ತು: ‘ಈ ಹುಡುಗಿಗೆ ಕಿವಿ ಕೇಳಂಗಿಲ್ಲ ಬೇ. ಹೌದ್ರಿ ಹೌದ್ರಿ ಅಂತಾಳ, ಒಂದೂ ಕೇಳಿಲ್ಲ ಆಕಿಗೆ. ನಾ ಆಗ್ಲಿಂದ ಒದರಾಕ ಹತ್ತೀನಿ. ನಮಗ ಗೊತ್ತಾತಂತ ತೋರಿಸ್ಬ್ಯಾಡ, ನಾಚ್ಕೊಂತಾಳ ಪಾಪ. ಚಾ ಕೊಟ್ಟು ಎದುರಿಗೆ ಕುಂದ್ರು, ಮಾರಿ ಕೊಟ್ಟು ಮಾತಾಡು.’

ಉಳಿದ ಕಡತಗಳ ಹಾಳೆಗಳನ್ನೂ ಮತ್ತೆ ತೆರೆದೆ. ಹಿಂದೆ ನಾನು ಭತ್ತದ ಪದಗಳನ್ನಷ್ಟೇ ಹುಡುಕುತ್ತ ಓದಿದ್ದೆ, ಗೆಳತಿಯೂ ಅಂಥ ಮಾತನ್ನು ಅಂಚಿನಲ್ಲಿ ಚಿಕ್ಕದಾಗಿ ಬರೆದಿದ್ದಳು. ಒಂದು ಮನೆಯಲ್ಲಿ ಗಂಡಸೊಬ್ಬ ಮಕ್ಕಳಿಗೆ ಹೇಳುತ್ತಿದ್ದಾನೆ, ‘ಲೈಟ್ ಹಾಕ್ರಲೇ, ಆಕಿ ಬಾಯಿ ನೋಡಿ ತಿಳ್ಕೊಂತಾಳ.’ ಹಾಡುಹಗಲಲ್ಲಿ ಅವರು ಲೈಟು ಹಾಕಿದ್ದು ನೆನಪಾಯಿತು. ದೊಡ್ಡಸ್ತಿಕೆ ತೋರಿಸುತ್ತಿದ್ದಾರೆ ಅಂದುಕೊಂಡಿದ್ದೆ. ಇನ್ನೊಂದು ಮನೆಯಲ್ಲಿ ಮುದುಕಿಯೊಬ್ಬಳು ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ಬರುತ್ತೇನೆಂದು ಎದ್ದಿದ್ದಾಳೆ, ‘ಇಲ್ಲಾಂದ್ರ ಆ ಹುಡುಗಿಗೆ ತಿಳಿಯಂಗಿಲ್ಲ.’ ನಾನು ಬಚ್ಚಿಟ್ಟುಕೊಂಡಿದ್ದೇನೆ ಎಂದು ನಂಬಿ ತಿರುಗಿದ ಊರುಗಳಲ್ಲೆಲ್ಲ ಜನ ತಮ್ಮತಮ್ಮಲ್ಲೇ ಮಾತಾಡಿಕೊಂಡು ನನ್ನ ಗುಟ್ಟನ್ನು ನನ್ನಿಂದಲೇ ಕಾಪಾಡಿದ್ದರು. ಮಂಟಪದ ಕಲ್ಲಿನ ಮೇಲೆ ಕೂತು ಅತ್ತೆ. ಗೆಳತಿ ನನ್ನ ಬೆನ್ನು ಸವರುತ್ತ ಏನೋ ಹೇಳಿದಳು. ಕಣ್ಣಲ್ಲಿ ನೀರಿತ್ತು, ತುಟಿ ಕಾಣಲಿಲ್ಲ.

ತಿದ್ದಿದ ಪ್ರಬಂಧವನ್ನು ಗಡುವಿಗೆ ಮೂರು ದಿನ ಮೊದಲೇ ಮೇಡಂ ಮೇಜಿನ ಮೇಲಿಟ್ಟೆ. ‘ಪಡಿ’ಗೆ ಅರ್ಧ ಪುಟ ಸಾಕಾಯಿತು, ಮೊದಲಿನ ನಾಲ್ಕಕ್ಕಿಂತ ಅದೇ ಗಟ್ಟಿಯಾಗಿತ್ತು. ಅವರು ಹಿಂದಿನ ಅನುಬಂಧದವರೆಗೂ ಓದಿದರು. ಅಜ್ಜಿಯ ಆ ಮಾತು ಬಂದ ಕಡೆ ಓದು ನಿಲ್ಲಿಸಿ ಪೆನ್ಸಿಲ್ ಹಿಡಿದರು. ವಿಷಯಕ್ಕೆ ಸೇರದ ಮಾತುಗಳನ್ನು ಅನುಬಂಧದಿಂದ ತೆಗೆಯುವುದು ರೂಢಿ. ಕುರ್ಚಿ ನನ್ನ ಕಡೆ ತಿರುಗಿಸಿ ಕೇಳಿದರು.

‘ಇವನ್ನ ತಗದ್ಬಿಡ್ಲೇನು? ಭತ್ತಕ್ಕೂ ಇದಕ್ಕೂ ಏನ್ ಸಂಬಂಧ ಅಂತ ಪರೀಕ್ಷಕರು ಕೇಳಿದ್ರ ಏನ್ ಹೇಳ್ತಿ?’

‘ಅವ್ರು ಲೈಟ್ ಹಾಕಿದ್ದಕ್ಕ ನನಗ ಭತ್ತ ಕಾಣಿಸ್ತು ಅಂತೀನ್ರಿ,’ ಅಂದೆ.

ಮೇಡಂ ಪೆನ್ಸಿಲ್ ಕೆಳಗಿಟ್ಟು ಸಹಿ ಹಾಕಿದರು.